ಆಯಿಯ ಸೀರೆ, ನಾಲ್ಕು ಕೌದಿ

ಈ ಬೇಸಿಗೆಯಲ್ಲಿ ನಾವು ಮನೆಮಂದಿಯೆಲ್ಲ ಕೂತು ಕೌದಿ, ಅಂದರೆ ಹಳೇ ಬಟ್ಟೆಯ ಪದರ ಸೇರಿಸಿ ಮಾಡುವ ಹೊದಿಕೆ, ಹೊಲಿದೆವು. ಒಂದಲ್ಲ, ನಾಲ್ಕು. ಏಪ್ರಿಲ್ ಎರಡನೇ ವಾರ ಸೂಜಿ ಹಿಡಿದದ್ದು, ಕಾರಹುಣ್ಣಿಮೆಗೆ ಮೂರು ದಿನ ಇರುವಾಗ ಕೊನೆಯ ಮೂಲೆ ಮುಚ್ಚಿದೆವು. ನನ್ನ ಎಡಗೈ ತೋರುಬೆರಳಿನ ತುದಿ ಇನ್ನೂ ಒರಟಾಗಿದೆ. ಕೀಬೋರ್ಡ್ ಮೇಲೆ ಬೆರಳಿಟ್ಟಾಗೆಲ್ಲ ಅದು ನೆನಪಾಗುತ್ತದೆ, ಸಂತೋಷವಾಗುತ್ತದೆ.

ಆಯಿ, ನಮ್ಮಪ್ಪನ ಅವ್ವ, ಹೋಗಿ ಇದು ಎರಡನೇ ವರ್ಷ. ರೋಣದ ಹತ್ತಿರದ ನಮ್ಮೂರ ಮನೆಯ ಪಡಸಾಲೆಯಲ್ಲಿ ಅವಳ ಟ್ರಂಕು ಇಟ್ಟಲ್ಲೇ ಇತ್ತು. ಅದರಲ್ಲಿ ಹನ್ನೆರಡು ಸೀರೆ, ಅಜ್ಜನ ಮೂರು ದೋತರ, ಒಂದು ಗಂಟಿನ ತುಂಬ ಖಣದ ಕುಪ್ಪಸಗಳು, ಮಡಿಕೆ ಮಡಿಕೆಯಲ್ಲಿ ಒಣಗಿದ ಬೇವಿನ ಎಲೆ. ಸೀರೆಗಳಲ್ಲಿ ಏಳು ನೂಲಿನ ಇಳಕಲ್ಲು, ಎಲ್ಲಾ ಎಂಟು ಗಜದವು, ಕಚ್ಚೆ ಹಾಕಿ ಉಡುವಂಥವು. ಎರಡು ರೇಷ್ಮೆ. ಉಳಿದ ಮೂರು ಯಾರೋ ಉಡಿ ತುಂಬಿದಾಗ ಬಂದ ಪಾಲಿಯೆಸ್ಟರ್ ಸೀರೆಗಳು, ಅವನ್ನು ಆಯಿ ಒಮ್ಮೆಯೂ ಉಟ್ಟಿರಲಿಲ್ಲ.

ಹೋದ ವರ್ಷ ನಾನೊಂದು ತಪ್ಪು ಮಾಡಿದ್ದೆ. ಆಯಿಯ ಗುರುತಿಗೆ ಏನಾದರೂ ಮಾಡಿಸೋಣ ಎಂದು ಹಸಿರು ಒಡಲಿನ ಒಂದು ಇಳಕಲ್ಲನ್ನು ಹುಬ್ಬಳ್ಳಿಗೆ ತಂದು ಒಂದು ಅಂಗಡಿಗೆ ಕೊಟ್ಟೆ. ಹದಿನೈದು ದಿನಕ್ಕೆ ರಜಾಯಿ ಬಂತು. ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಿ, ಮಷಿನ್ನಿನಿಂದ ಚೌಕ ಚೌಕ ಹೊಡೆದಿದ್ದರು. ಅಳತೆಗೆ ಹೆಚ್ಚಾಯಿತೆಂದು ಸೆರಗನ್ನು ಕತ್ತರಿಸಿ ಬಿಸಾಕಿದ್ದರು. ಇಳಕಲ್ಲಿನ ಜೀವ ಇರುವುದೇ ಸೆರಗಿನಲ್ಲಿ. ಒಡಲಿನ ನೂಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ, ಕೆಂಪಿನ ನಡುವೆ ತೋಪು ತೆನಿ ಎಂಬ ಬಿಳಿಯ ಚಿತ್ತಾರ ಏಳುತ್ತದೆ. ಅದನ್ನೇ ಕಳೆದುಕೊಂಡು ಬಂದ ರಜಾಯಿಯನ್ನು ನಾನು ಅವ್ವನಿಗೆ ತೋರಿಸಲೇ ಇಲ್ಲ. ಬೀರುವಿನ ಮೇಲೆ ಇಟ್ಟಿದ್ದೇನೆ, ಹೊದೆಯಲು ಮನಸ್ಸು ಬರುವುದಿಲ್ಲ.

ಆದ್ದರಿಂದ ಈ ವರ್ಷ ರಜೆ ಹಾಕಿ ಊರಿಗೇ ಹೋದೆ. ಕಾಲೇಜು ಮುಗಿಸಿ ಬಂದ ಮಗಳು, ತಮ್ಮನ ಇಬ್ಬರು ಮಕ್ಕಳು ಜೊತೆಗಿದ್ದರು. ಕೌದಿ ಮಾತು ತೆಗೆದ ಕೂಡಲೇ ಅವ್ವ ಟ್ರಂಕಿನ ಮುಂದೆ ಕೂತುಬಿಟ್ಟಳು.

"ಉಡೂ ಸೀರಿಗೆ ಕತ್ತರಿ ಹಚ್ಚಬಾರ್ದವಾ. ಹರದ ಮ್ಯಾಲೆ ಕೌದಿ. ಇವಿನ್ನೂ ಗಟ್ಟಿ ಅದಾವು."

ಅವ್ವನ ಮಾತು ನ್ಯಾಯವೇ. ನಮ್ಮ ಕಡೆ ಬಟ್ಟೆಗೆ ಒಂದು ಬಾಳಾಟ ಇರುತ್ತದೆ. ಮೊದಲು ಹಬ್ಬಕ್ಕೆ, ಆಮೇಲೆ ದಿನಾ ಉಡಲಿಕ್ಕೆ, ಆಮೇಲೆ ಹೊಲಕ್ಕೆ, ಹರಿದ ಮೇಲೆ ಕೌದಿಗೆ, ಕೌದಿಯೂ ಜಾಳಾದರೆ ಎತ್ತಿನ ಬೆನ್ನಿಗೋ ಬಾಗಿಲ ಮುಂದಿನ ಕಾಲೊರೆಸಿಗೋ. ನಡುವಿನ ಮೆಟ್ಟಿಲು ತಪ್ಪಿಸಿದರೆ ಅವ್ವನಂಥವರಿಗೆ ಸಂಕಟವಾಗುತ್ತದೆ.

ಆ ಗಂಟು ಬಿಡಿಸಿದ್ದು ಕೌದಿ ಹೊಲಿಯುವ ಅಜ್ಜಿ. ನಾನು ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ದೇವಿಯ ಕಥೆ ಹಾಡುವ ಗೊಂದಲಿಗರ ಮನೆಯ ಹೆಣ್ಣುಮಕ್ಕಳು "ಕೌದಿ ಹೊಲಸ್ತೀರೇನ್ರೀ ಯವ್ವಾ" ಎಂದು ಓಣಿ ಓಣಿ ಕೂಗುತ್ತ ಬರುತ್ತಿದ್ದರು. ಜೋಳ, ಹಳೇ ಬಟ್ಟೆ, ಒಂದಿಷ್ಟು ರೊಕ್ಕ, ಅದೇ ಕೂಲಿ. ಈಗ ಕೂಗು ನಿಂತಿದೆ. ಪಕ್ಕದೂರಿನಲ್ಲಿ ಒಬ್ಬರು ಇನ್ನೂ ಹೊಲಿಯುತ್ತಾರೆಂದು ತಿಳಿದು ತಮ್ಮ ಬೈಕಿನ ಮೇಲೆ ಕರೆತಂದ. ಎಪ್ಪತ್ತು ದಾಟಿದ ಜೀವ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಕಣ್ಣಿಗಿಂತ ನಾಲಿಗೆ ತುದಿ ಚಲೋ ನೋಡುತ್ತದೆ ಎಂದರು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಚಪ್ಪಟೆ ಮಾಡುತ್ತ.

ಅವರು ಅವ್ವನ ಜೊತೆ ವಾದಕ್ಕೆ ಇಳಿಯಲಿಲ್ಲ. ಟ್ರಂಕಿನಿಂದ ಒಂದು ಸೀರೆ ಎತ್ತಿ, ಮಡಿಕೆ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದರು. ಮಡಚಿದ ಗೆರೆಯ ಗುಂಟ ಉದ್ದಕ್ಕೆ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳು.

"ಉಡಲಾರದ ಸೀರಿ ಮಡಿಕ್ಯಾಗ ಹರೀತದ ತಂಗೀ. ಇನ್ನ ನಾಕ ವರ್ಷ ಬಿಟ್ರ ಕೌದಿಗೂ ಬರೂದಿಲ್ಲ."

ಅವ್ವ ಆ ಗೆರೆಯ ಮೇಲೆ ಬೆರಳಾಡಿಸಿದಳು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಕೂತರೆ ಎಳೆ ಅಲ್ಲೇ ಮುರಿಯುತ್ತದೆ. ಅದಕ್ಕೇ ಆಯಿ ಪ್ರತಿ ಬೇಸಿಗೆ ಟ್ರಂಕು ತೆಗೆದು ಸೀರೆಗಳನ್ನು ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಆ ಕೆಲಸ ಮಾಡಿರಲಿಲ್ಲ. ಅವ್ವ ಒಂದು ರೇಷ್ಮೆ ಸೀರೆಯನ್ನು ಮಾತ್ರ ತನಗೆಂದು ತೆಗೆದಿಟ್ಟುಕೊಂಡು, ಉಳಿದವನ್ನು ಅಂಗಳಕ್ಕೆ ಒಯ್ಯಿರಿ ಎಂದಳು.

ಕೌದಿ ಬೇಸಿಗೆಯ ಕೆಲಸ. ಹೊಲದಲ್ಲಿ ಕೆಲಸ ಇರುವುದಿಲ್ಲ, ತೊಳೆದ ಬಟ್ಟೆ ಒಂದೇ ತಾಸಿನಲ್ಲಿ ಗರಿಗರಿಯಾಗುತ್ತದೆ, ಆರಡಿ ಉದ್ದದ್ದನ್ನು ಹರವಲು ಅಂಗಳ ಬರಿದಾಗಿರುತ್ತದೆ. ರೋಹಿಣಿ ಮಳೆ ಹನಿಯುವಷ್ಟರಲ್ಲಿ ಮುಗಿಸಬೇಕು. ಆಮೇಲೆ ಬಿತ್ತನೆ, ಯಾರಿಗೂ ಪುರಸೊತ್ತಿಲ್ಲ, ರಾತ್ರಿಯ ತಂಪಿಗೆ ಹೊದಿಕೆಯೂ ಬೇಕು. ಶಾವಿಗೆ, ಸಂಡಿಗೆ, ಹಪ್ಪಳ, ಕೌದಿ, ಎಲ್ಲಾ ಇದೇ ಎರಡು ತಿಂಗಳಲ್ಲಿ. ನಮ್ಮ ಮಾಳಿಗೆಯ ಮೇಲೆ ಒಂದು ಕಡೆ ಸಂಡಿಗೆ ಒಣಗುತ್ತಿದ್ದರೆ ಇನ್ನೊಂದು ಕಡೆ ಆಯಿಯ ಸೀರೆಗಳು ಒಣಗುತ್ತಿದ್ದವು.

ಬಣ್ಣದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಾದರೂ ಹೊಲಿಯುವವರಿದ್ದರೆ ಉಪಯೋಗವಾದೀತು. ನೂಲಿನ ಒಡಲುಗಳನ್ನು ಅಂಟವಾಳದ ನೊರೆಯಲ್ಲಿ ತೊಳೆದೆವು, ಏನೂ ಆಗಲಿಲ್ಲ. ಸೆರಗಿನ ಕೆಂಪು ಮಾತ್ರ ಹೆದರಿಕೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಕೇಳಿದ್ದೆ. ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ, ಒಣಗಿತೆಂದು ತಿಳಿದು ಅಜ್ಜನ ದೋತರದ ಮೇಲೆ ಇಟ್ಟೆ. ಪೂರ್ತಿ ಒಣಗಿರಲಿಲ್ಲ. ಎತ್ತಿದಾಗ ಬಿಳಿ ದೋತರದ ಮೇಲೆ ಅಂಗೈಯಗಲ ಕೆಂಪು ಕಲೆ, ಎರಡು ಕಡೆ. ನನಗೆ ಅಳುವೇ ಬಂತು. ಮತ್ತೆ ಮತ್ತೆ ತೊಳೆದೆ, ತೆಳು ಗುಲಾಬಿಗೆ ಇಳಿಯಿತೇ ಹೊರತು ಹೋಗಲಿಲ್ಲ. ಆಮೇಲೆ ಅಜ್ಜಿ ಹೇಳಿಕೊಟ್ಟ ದಾರಿ ಹಿಡಿದೆವು. ಬಿಳಿ ಚಿಂದಿಯೊಂದನ್ನು ಒದ್ದೆ ಮಾಡಿ ಬಣ್ಣದ ಬಟ್ಟೆಯ ಮೇಲೆ ಒತ್ತಿ ಉಜ್ಜಬೇಕು. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ತಣ್ಣೀರಿನಲ್ಲಿ ಬೇರೆಯಾಗಿ ತೊಳೆಯುತ್ತ ಹೋಗಬೇಕು, ಚಿಂದಿ ಬಿಳಿಯಾಗಿಯೇ ಉಳಿಯುವವರೆಗೆ. ನಮ್ಮ ಒಂದು ಸೆರಗಿಗೆ ಒಂಬತ್ತು ನೀರು ಬೇಕಾಯಿತು. ಎರಡು ಸೆರಗು ಹನ್ನೆರಡು ನೀರಾದರೂ ಬಿಡಲಿಲ್ಲ, ಅವನ್ನು ಕೌದಿಗೆ ಸೇರಿಸಲೇ ಇಲ್ಲ. ಕಲೆಯಾದ ದೋತರವನ್ನು ಬಿಸಾಕಲೂ ಇಲ್ಲ. ಅದು ಈಗ ಅವ್ವನ ಕೌದಿಯ ಅಡಿಪದರ.

ಲೆಕ್ಕ ಹೀಗೆ. ಎಂಟು ಗಜ ಎಂದರೆ 24 ಅಡಿ. ಸೆರಗು ತೆಗೆದ ಮೇಲೆ 6 ಅಡಿಯ ಮೂರು ತುಂಡು ಬರುತ್ತವೆ, ಮೇಲಿಷ್ಟು ಉಳಿಯುತ್ತದೆ. ಸೀರೆಯ ಪನ್ನ, ಅಂದರೆ ಅಗಲ, ಹೆಚ್ಚುಕಡಿಮೆ 4 ಅಡಿ. ಹಾಗಾಗಿ ಒಂದು ಸೀರೆ ಒಂದು ಕೌದಿಯ ಒಳಗಿನ ಮೂರು ಪದರ. ಅಡಿಗೆ ಒಂದು ದೋತರ. ಮೂರೇ ದೋತರ ಇದ್ದದ್ದರಿಂದ ನಾಲ್ಕನೆಯದಕ್ಕೆ ಪಾಲಿಯೆಸ್ಟರ್ ಸೀರೆ ಹಾಕಿ ನೋಡಿದೆವು. ಸೂಜಿ ಜಾರುತ್ತದೆ, ಬಟ್ಟೆ ಸರಿಯುತ್ತದೆ, ಮೈಗೆ ಬೆವರು. ಬಿಚ್ಚಿ ತೆಗೆದು ಅವ್ವನದೇ ಒಂದು ಹಳೇ ನೂಲಿನ ಸೀರೆ ಹಾಕಿದೆವು. ನನ್ನನ್ನು ಕೇಳಿದರೆ ಕೌದಿಗೆ ನೂಲಿನ ಬಟ್ಟೆ ಬಿಟ್ಟು ಬೇರೆ ಬೇಡವೇ ಬೇಡ.

ಮೇಲ್ಮೈ ಮಾತ್ರ ಎಲ್ಲರ ಪಾಲು. ಉಳಿದ ಇಳಕಲ್ಲಿನ ತುಂಡು, ದಡಿ, ಖಣದ ಕುಪ್ಪಸಗಳ ಬೆನ್ನು, ನಮ್ಮಪ್ಪನ ಒಂದು ಪಟ್ಟಾಪಟ್ಟಿ ಅಂಗಿ, ನನ್ನ ಹೈಸ್ಕೂಲಿನ ನೀಲಿ ಲಂಗ. ಲಂಗವನ್ನು ಆಯಿ ಮೂವತ್ತು ವರ್ಷ ಗಂಟಿನಲ್ಲಿ ಕಟ್ಟಿಟ್ಟಿದ್ದಳು ಎಂದು ಗಂಟು ಬಿಚ್ಚಿದ ಮೇಲೇ ನನಗೆ ಗೊತ್ತಾದದ್ದು.

ಹೊಲಿಯುವಾಗ ಪದರಗಳನ್ನು ಅಂಗಳದ ಸಾರಿಸಿದ ನೆಲದ ಮೇಲೆ ಹರವಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಸುಕ್ಕು ನಡುವಿನಿಂದ ಹೊರಗೆ ಅಂಗೈಯಿಂದ ಸವರಬೇಕು. ಮೊದಲು ಉದ್ದುದ್ದದ ಕಚ್ಚಾ ಹೊಲಿಗೆ. ಆಮೇಲೆ ಕೌದಿಯ ಮೇಲೆಯೇ ಕೂತು ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಸಾಗಬೇಕು. ಎಡಗೈ ಕೌದಿಯ ಕೆಳಗೆ. ಸೂಜಿಯ ಮೊನೆ ಬೆರಳಿಗೆ ತಾಗಿದರೆ ಐದೂ ಪದರ ದಾಟಿತು ಎಂದರ್ಥ, ಅಲ್ಲಿಂದ ಅದನ್ನು ಮೇಲಕ್ಕೆ ತಳ್ಳಬೇಕು. ತಾಗದೇ ಹೋದರೆ ಅಡಿಪದರ ತಪ್ಪಿದೆ ಎಂದು ಲೆಕ್ಕ. ಮೊದಲ ಎರಡು ದಿನ ನನ್ನ ಹೊಲಿಗೆ ಅರ್ಧಕ್ಕರ್ಧ ಅಡಿಪದರ ಹಿಡಿದಿರಲಿಲ್ಲ. ಅಜ್ಜಿ ಕೌದಿ ಮಗುಚಿ ತೋರಿಸಿ, ಏನೂ ಅನ್ನದೆ, ಆ ಸಾಲುಗಳನ್ನೆಲ್ಲ ತಮ್ಮ ಕೈಯಾರೆ ಬಿಚ್ಚಿದರು. ಮೂರನೇ ದಿನ ಬೆರಳು ಕಲಿತಿತು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದದ್ದು ಅದೇ ಬೆರಳು.

ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಮಗಳು ಅಳೆದಳು, ಮುಕ್ಕಾಲು ಇಂಚು. ಇಂಚಿಗೆ ಮೂರು ಹೊಲಿಗೆ. ಅವಳೇ ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಮಾಡಿ, ಒಂದು ಕೌದಿಗೆ ಸುಮಾರು 14 ಸಾವಿರ ಹೊಲಿಗೆ ಎಂದು ಬರೆದಿಟ್ಟಳು. ಅಜ್ಜಿ ಅದನ್ನು ಓದಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾ ಎಷ್ಟ ಕೌದಿ ಹೊಲದಿರಬೇಕ ಅದನ್ನೂ ಗುಣಾಕಾರ ಮಾಡವಾ" ಎಂದರು. ವರ್ಷಕ್ಕೆ ಹದಿನೈದು, ಐವತ್ತು ವರ್ಷ ಎಂದು ಅವರೇ ಅಂದಾಜು ಕೊಟ್ಟರು. ಒಂದು ಕೋಟಿ ದಾಟಿತು. ಮಗಳು ಸೀಮೆಸುಣ್ಣ ಕೆಳಗಿಟ್ಟು ಅವರ ಕೈ ಹಿಡಿದುಕೊಂಡಳು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಹೀಗೇ ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಯುತ್ತಾರೆ. ಅವರದು ಕವಂದಿ. ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನಾಗಿ ಮಡಚಿ ಒಂದರ ಮೇಲೊಂದು ಇಟ್ಟು ಹೂವಿನ ಹಾಗೆ ಹೊಲಿಯುತ್ತಾರೆ, ಫುಲಾ ಅನ್ನುತ್ತಾರೆ ಅದಕ್ಕೆ. ಫುಲಾ ಇಲ್ಲದ ಕವಂದಿ ಮುಗಿದ ಕವಂದಿಯಲ್ಲ. ಹಿಂದೊಮ್ಮೆ ಯಲ್ಲಾಪುರದ ಕಡೆ ಹೋದಾಗ ನೋಡಿದ್ದೆ, ಆ ಬಣ್ಣಗಳ ಧೈರ್ಯ ಕಣ್ಣಲ್ಲಿ ಉಳಿದಿತ್ತು. ಮಗಳ ಕೌದಿಯ ನಾಲ್ಕು ಮೂಲೆಗೆ ಖಣದ ಚೂರುಗಳಿಂದ ಹಾಗೇ ಮಾಡಿದೆ. ಕೌದಿ ಅಜ್ಜಿಗೆ ಹಿಡಿಸಿತು. ಹೇಳಿಕೊಡು ಎಂದು ಕೇಳಿ ಕಲಿತರು.

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಆ ಹೊತ್ತು ಪಡಸಾಲೆಯಲ್ಲಿ ಮಕ್ಕಳ ಕೆಲಸ. ತಮ್ಮನ ಮಗನಿಗೆ ಹತ್ತು ವರ್ಷ, ಅವನು ಸಿಂಬಿ ಮಾಡುವುದನ್ನು ಕಲಿತ. ಹಳೇ ಬಟ್ಟೆಯನ್ನು ಹಗ್ಗದ ಹಾಗೆ ಹೊಸೆದು, ಅಂಗೈಗೆ ಎರಡು ಸುತ್ತು ಸುತ್ತಿ ಬಳೆಯಂತೆ ಮಾಡಿ, ಅದರ ಮೈಗೆ ಬಣ್ಣದ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತ ಬರುವುದು. ಹೆಚ್ಚು ಸೂಜಿ ಕೆಲಸ ಬೇಡ, ತುದಿ ಸಿಕ್ಕಿಸಲು ಒಂದೆರಡು ಹೊಲಿಗೆ ಸಾಕು. ಹಿಂದೆ ತಲೆ ಮೇಲೆ ಕೊಡ ಹೊರಲು ಬೇಕಿತ್ತು. ಈಗ ಕುಡಿಯುವ ನೀರಿನ ಗಡಿಗೆಯ ಕೆಳಗೆ ಕೂತಿದೆ, ಗಡಿಗೆ ಅಲುಗಾಡುವುದಿಲ್ಲ. ಒಟ್ಟು ಹನ್ನೊಂದು ಸಿಂಬಿ ಮಾಡಿದ, ಓಣಿಯ ಮನೆಮನೆಗೆ ಕೊಟ್ಟು ಬಂದ.

ಅವನ ತಂಗಿಗೆ ಆರು ವರ್ಷ. ಅವಳಿಗೆ ಟ್ರಂಕಿನ ತಳದಲ್ಲಿ ಆಯಿಯ ಸಂಚಿ ಸಿಕ್ಕಿತು. ಎಲೆಗೆ ದೊಡ್ಡ ಖಾನೆ, ಅಡಿಕೆಗೆ ಸಣ್ಣದು, ಸುಣ್ಣದ ಡಬ್ಬಿಗೆ ಇನ್ನೂ ಸಣ್ಣದು, ರೊಕ್ಕಕ್ಕೆ ಎಲ್ಲಕ್ಕಿಂತ ಒಳಗೆ ಒಂದು. ಬಾಯಿಗೆ ಎರಡು ಕಡೆ ಎಳೆಯುವ ದಾರ. ಒಳಖಾನೆಯಲ್ಲಿ ಒಂದು ನಾಲ್ಕಾಣೆ ಇತ್ತು. 2011ರಲ್ಲೇ ಚಲಾವಣೆ ನಿಂತ ನಾಣ್ಯ, ಆ ಮಗು ಅಂಥದ್ದನ್ನು ನೋಡಿಯೇ ಇರಲಿಲ್ಲ. ಸಂಚಿಯ ಹೊಲಿಗೆ ಬಿಚ್ಚದೆ, ಅದರ ಮೇಲೆ ಕಾಗದ ಇಟ್ಟು ಅಳತೆ ತೆಗೆದು, ಖಣದ ಚೂರಿನಲ್ಲಿ ಅವಳಿಗೊಂದು ಹೊಸ ಸಂಚಿ ಹೊಲಿದುಕೊಟ್ಟೆ. ಅವಳು ನಾಲ್ಕಾಣೆಯನ್ನು ಹೊಸ ಸಂಚಿಯ ಒಳಖಾನೆಗೆ ವರ್ಗ ಮಾಡಿದಳು. ಹಳೇ ಸಂಚಿಯಲ್ಲಿ ಇನ್ನೂ ಅಡಿಕೆಯ ವಾಸನೆ ಇದೆ.

ಚಿಗವ್ವನ ಮೊಮ್ಮಗುವಿಗೆ ಒಂದು ಕುಂಚಿಗೆಯನ್ನೂ ಹೊಲಿದೆವು. ಗುಳೇದಗುಡ್ಡದ ಖಣ ಸಣ್ಣ ಪನ್ನದ್ದಾದ್ದರಿಂದ ಕೂಸಿನ ತಲೆಯಿಂದ ಬೆನ್ನಿನವರೆಗೆ ಸರಿಯಾಗಿ ಇಳಿಯುತ್ತದೆ. ಅದು ಅವ್ವನ ಕೆಲಸ, ಯಾರಿಗೂ ಮುಟ್ಟಗೊಡಲಿಲ್ಲ.

ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಗೆ ಉಣಿಸಬೇಕು. ನಮ್ಮ ಮನೆಯಲ್ಲಿ ಆಯಿ ಹಾಗೇ ಮಾಡುತ್ತಿದ್ದಳು, ಈ ಅಜ್ಜಿಯೂ ಹಾಗೇ. ಐದು ಕಾಳು ಜೋಳ, ಒಂದು ಚೂರು ಕಟಕ ರೊಟ್ಟಿ, ಚಿಟಿಕೆ ಅರಿಶಿಣ. ಪದರಗಳ ನಡುವೆ ಇಟ್ಟು ಹೊಲಿದುಬಿಡುತ್ತಾರೆ. ಹಸಿದ ಕೌದಿ ಹೊದ್ದವರ ಹೊಟ್ಟೆ ತುಂಬುವುದಿಲ್ಲ ಎನ್ನುವುದು ನಂಬಿಕೆ. ಮಗಳು ಕೇಳಿದಳು, ಇರುವೆ ಬರುವುದಿಲ್ಲವೇ ಅಂತ.

"ಬರ್ತಾವ. ನಾಕ ದಿನ ತಿಂದು ಹೋಗ್ತಾವ. ಅವಕ್ಕೂ ಹೊಟ್ಟಿ ಐತಲ್ಲ."

ನಾಲ್ಕೂ ಕೌದಿಗೆ ಉಣಿಸಿದ್ದು ಮನೆಯ ನಾಲ್ಕು ಬೇರೆ ಬೇರೆ ಕೈ. ಅಜ್ಜಿಗೆ ಕೂಲಿ ಅವರು ಕೇಳಿದಷ್ಟು ಕೊಟ್ಟೆವು, ಅದಕ್ಕೆ ಸೇರಿಸಿ ಒಂದು ಚೀಲ ಜೋಳ. ಅವರು ಕೇಳಿದ್ದು ಕಡಿಮೆಯೇ ಎಂದು ನನಗೀಗಲೂ ಅನಿಸುತ್ತದೆ. ಪೇಟೆಯಲ್ಲಿ ಕೈಕೌದಿ ಎಂದು ಸಾವಿರಾರು ರೂಪಾಯಿಗೆ ಮಾರುವಾಗ ಹೊಲಿದವರ ಕೈಗೆ ಎಷ್ಟು ಸೇರುತ್ತದೆ ಎಂದು ಕೊಳ್ಳುವವರು ಒಮ್ಮೆ ಕೇಳಬೇಕು. ನಿಮ್ಮ ಕಡೆ ಹೊಲಿಯುವವರಿದ್ದರೆ ಮನೆಗೇ ಕರೆದು ಹೊಲಿಸಿರಿ, ಪಕ್ಕದಲ್ಲಿ ಕೂತು ಕಲಿಯಿರಿ.

ಮಗಳು ತನ್ನ ಕೌದಿಯನ್ನು ಬೆಂಗಳೂರಿಗೆ ಒಯ್ಯುತ್ತಾಳೆ, ಕೆಲಸ ಸಿಕ್ಕಿದೆ. ಗೋಡೆಗೆ ತೂಗುಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಅವಳ ಗೆಳತಿ ಹೇಳಿದಳಂತೆ. ಬೇಡ ಎಂದೆ. ಹೊದ್ದುಕೋ, ಮಹಾನವಮಿ ಮುಂದೆ ಊರಿಗೆ ತಂದು ಹಳ್ಳದಲ್ಲಿ ಒಗೆದುಕೊಂಡು ಹೋಗು, ಸವೆದರೆ ಅದರ ಮೇಲೆ ಇನ್ನೊಂದು ಪದರ ಹಾಕೋಣ.

ನಾನು ಹುಬ್ಬಳ್ಳಿಗೆ ಹೊರಡುವ ಹಿಂದಿನ ರಾತ್ರಿ ಮಳೆ ಬಂತು. ಗುಡುಗಿಗೇ ಕರೆಂಟು ಹೋಯಿತು. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದೆವು, ಅವ್ವ ನನ್ನ ಪಕ್ಕದಲ್ಲಿ. ತನ್ನ ಕೌದಿಯನ್ನು ಎದೆವರೆಗೂ ಎಳೆದುಕೊಂಡಿದ್ದಳು. ಕತ್ತಲಲ್ಲಿ ಅವಳ ಬೆರಳು ಬಟ್ಟೆಯ ಮೇಲೆ ಸರಿದಾಡುವ ಸಣ್ಣ ಸಪ್ಪಳ ಕೇಳುತ್ತಿತ್ತು.

"ಇದು ಗಜೇಂದ್ರಗಡದಾಗ ತಂದಿದ್ದು" ಎಂದಳು. "ನಿನ್ನ ಮದಿವಿ ಅಕ್ಕಿಕಾಳಿಗೆ ಇದನ್ನ ಉಟ್ಟಿದ್ರು ಅತ್ತಿಯಾರು."

"ಕತ್ತಲಾಗ ಹೆಂಗ ಗೊತ್ತಾತ ಬೇ?"

"ಎಷ್ಟ ವರ್ಷ ಒಗದೇನಲ್ಲ."

ಬೆರಳು ಹೊಲಿಗೆಯ ಸಾಲು ದಾಟಿ ಪಕ್ಕದ ತುಂಡಿಗೆ ಸರಿಯಿತು. ದಡಿಯ ಗುಂಟ ಹೋಗಿ, ನಿಂತು, ಮತ್ತೆ ಹಿಂದಕ್ಕೆ ಬಂತು. "ಇದು..." ಎಂದು ಶುರು ಮಾಡಿದಳು.